ಮಾಳಿಗೆ ಮೇಲೆ ಇಪ್ಪತ್ತೆರಡು ಕುಂಡ

ಶಿವಕಾಂತಮ್ಮನಿಗೆ ಸ್ವಂತದ್ದೆಂಬ ಒಂದು ಗಿಡವೂ ಇರಲಿಲ್ಲ.

ಮೂವತ್ತೊಂದು ವರ್ಷ ಆಕೆ ಕಲಬುರಗಿಯ ಒಂದು ಕಾಲೇಜಿನಲ್ಲಿ ಕೆಲಸ ಮಾಡಿದಳು. ಬೆಳಿಗ್ಗೆ ಕಸ ಗುಡಿಸುವುದು, ಪಾಯಖಾನೆ ತಿಕ್ಕುವುದು, ಹತ್ತು ಗಂಟೆಯ ಮೇಲೆ ಹೂದೋಟ. ನಡುವೆ ಮಾಲಿಯ ಹುದ್ದೆ ಖಾಲಿಯಾಗಿ ಯಾರೂ ಬರದೆ ತೋಟ ಪೂರ್ತಿ ಆಕೆಯ ಕೈಗೇ ಬಂತು. ಪಗಾರ ಮಾತ್ರ ಕಸಗುಡಿಸುವವಳದೇ ಉಳಿಯಿತು. ಏಪ್ರಿಲ್ ಕೊನೆಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. 'ಈ ತೋಟ ಶಿವಕಾಂತಮ್ಮನದೇ' ಎಂದು ಪ್ರಿನ್ಸಿಪಾಲರು ಭಾಷಣ ಮಾಡಿದರು. ನಾಲ್ಕು ದಿನ ಬಿಟ್ಟು ದಾಸವಾಳದ ಒಂದು ಟೊಂಗೆ ಮುರಿದುಕೊಂಡು ಬರಲು ಆಕೆ ಹೋದಾಗ ಹೊಸ ವಾಚ್‌ಮನ್ ಗೇಟಿನಲ್ಲೇ ತಡೆದು, ಯಾರು ಬೇಕು ಎಂದು ಕೇಳಿದ. ಯಾರೂ ಬೇಕಾಗಿರಲಿಲ್ಲವಾದ್ದರಿಂದ ವಾಪಸ್ಸು ಬಂದಳು.

ಗಾಜಿಪುರದ ಮನೆಯಲ್ಲಿ ಗಿಡ ಹಚ್ಚಲು ನೆಲವಿರಲಿಲ್ಲ. ಗಂಡ ದತ್ತಪ್ಪ ಗೌಂಡಿ. ಇಪ್ಪತ್ತು ಮೂವತ್ತರ ಜಾಗದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೇಣೂ ಬಿಡದೆ ತಾನೇ ಕಟ್ಟಿದ ಮನೆ. ಒಂದು ಹಾಲು, ಎರಡು ಖೋಲಿ, ಅಡುಗೆಮನೆ. ಒಂದು ಖೋಲಿ ಮುದುಕರಿಬ್ಬರದು, ಇನ್ನೊಂದು ಮಗ ಅಜಿತ ಮತ್ತು ಸೊಸೆ ಸಂಘಮಿತ್ರಾಳದು. ಮೊಮ್ಮಗಳು ಪಂಚಶೀಲಾ ಹಾಲಿನಲ್ಲಿ ಟಿ.ವಿ. ಪಕ್ಕದಲ್ಲೇ ಓದಿ ಹತ್ತನೇ ಕ್ಲಾಸಿನಲ್ಲಿ ತೊಂಬತ್ತೊಂದು ಪರ್ಸೆಂಟ್ ತೆಗೆದಿದ್ದಳು. ಮೇಲೆ ಬಯಲು ಮಾಳಿಗೆ. ಅಲ್ಲಿ ನೀರಿನ ಕರಿ ಟಾಕಿ, ಬಟ್ಟೆ ಒಣಹಾಕುವ ತಂತಿ, ಬಿಸಿಲು.

ಮೇ ತಿಂಗಳ ಒಂದು ರಾತ್ರಿ ಊಟಕ್ಕೆ ಕೂತಾಗ ಅಜಿತ ಮಾತು ತೆಗೆದ. ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾದ ಅವನು ಯಾವುದನ್ನಾದರೂ ಫೈಲು ಮಂಡಿಸಿದ ಹಾಗೇ ಹೇಳುತ್ತಿದ್ದ.

"ಅಪ್ಪ, ಜೂನ್ ಒಳಗ ಮ್ಯಾಗ ಒಂದು ಖೋಲಿ ಎತ್ತಿಬಿಡೋಣ. ಪಂಚಶೀಲಾ ಸೈನ್ಸ್ ತಗೊಂಡಾಳ. ಓದಾಕ ಜಾಗ ಬೇಕು."

"ಮಾಳಗಿ ನನಗ ಬೇಕು," ಎಂದಳು ಶಿವಕಾಂತಮ್ಮ.

"ನಿನಗ ಎದಕ್ಕ ಅವ್ವ?"

"ಗಿಡ ಇಡತೀನಿ."

ಅಜಿತ ನಕ್ಕ. "ಮೂವತ್ತ ವರ್ಷ ಮಾಡಿದ್ದು ಸಾಲಲಿಲ್ಲೇನು?"

"ಅವು ಕಾಲೇಜಿನವು."

ದತ್ತಪ್ಪ ಪುಂಡಿ ಪಲ್ಯದಲ್ಲಿ ರೊಟ್ಟಿ ಅದ್ದುತ್ತ ತಲೆ ಅಲ್ಲಾಡಿಸಿದ. "ಕುಂಡ ಇಟ್ರ ನೀರ ಹನೀತದ. ಸ್ಲ್ಯಾಬ್ ಕುಡೀತದ. ನನ್ನ ಸ್ಲ್ಯಾಬ್ ಹದಿನೆಂಟು ವರ್ಷದಾಗ ಒಂದು ಹನಿ ಸೋರಿಲ್ಲ. ಖೋಲಿ ಕಟ್ಟೋಣ. ಆಳ ಬ್ಯಾಡ, ನಾನೇ ಕಟ್ತೀನಿ."

ಮನೆ ಅವನ ಹೆಸರಿನಲ್ಲಿತ್ತು. ಮಾಳಿಗೆಯ ಮಾತು ಅವನದೇ ಕೊನೆ. ಮೊಣಕಾಲು ನೋವೆಂದು ಎರಡು ವರ್ಷದಿಂದ ಯಾರೂ ಕೆಲಸಕ್ಕೆ ಕರೆದಿರಲಿಲ್ಲ. 'ನಾನೇ ಕಟ್ತೀನಿ' ಎನ್ನುವಾಗ ಮುದುಕನ ಬೆನ್ನು ನೆಟ್ಟಗಾಯಿತು. ಅದನ್ನು ಶಿವಕಾಂತಮ್ಮ ನೋಡಿದಳು.

"ಜಗಳಾ ಆಮ್ಯಾಗ ಮಾಡ್ರಿ, ಬ್ಯಾಳಿ ಆರಾಕತ್ತದ," ಎಂದು ಸಂಘಮಿತ್ರಾ ಎಲ್ಲರ ತಾಟಿಗೂ ಒಂದೊಂದು ಸೌಟು ಹಾಕಿದಳು.

ಎಂಟು ದಿನದೊಳಗೆ ಎಂಟುನೂರು ಇಟ್ಟಂಗಿ, ಹತ್ತು ಚೀಲ ಉಸುಕು, ನಾಲ್ಕು ಚೀಲ ಸಿಮೆಂಟು ಮಾಳಿಗೆ ಏರಿದವು.

ಶಿವಕಾಂತಮ್ಮ ಜಗಳ ಮಾಡಲಿಲ್ಲ. ಮಂದಿ ಮನೆಯ ತೋಟ ನೋಡಲು ಹೊರಟಳು.

"ನೋಡಾಕ ಏನು ಟಿಕೀಟ ಅದೇನು," ಎಂದು ಪಂಚಶೀಲಾಳನ್ನು ಎಬ್ಬಿಸಿದಳು. ಆ ಹುಡುಗಿಗೆ ಕಾಲೇಜು ಶುರುವಾಗಿರಲಿಲ್ಲ, ಫೋನಿನಲ್ಲಿ ಫೋಟೋ ತೆಗೆಯುವ ಚಟವಿತ್ತು. ಮೊದಲು ಗೇಟಿನ ಹೊರಗಿಂದ ನೋಡಿದರು. ಒಂದು ಮನೆಯ ಕಾಂಪೌಂಡಿನ ಮೇಲೆ ಹಳೆಯ ಹೆಲ್ಮೆಟ್ಟುಗಳಲ್ಲಿ ಸದಾಪುಷ್ಪ ಬೆಳೆದಿತ್ತು. ಇನ್ನೊಂದು ಕಡೆ ಹರಿದ ಜೀನ್ಸ್ ಪ್ಯಾಂಟಿನಲ್ಲಿ ಮಣ್ಣು ತುಂಬಿ, ಕಾಲ ಮೇಲೆ ಕಾಲು ಹಾಕಿಸಿ ಕುರ್ಚಿಯಲ್ಲಿ ಕೂಡಿಸಿದ್ದರು. ಸೊಂಟದಿಂದ ಮೇಲೆ ಮನುಷ್ಯನ ಬದಲು ಕ್ರೋಟನ್ ಗಿಡ.

"ಇದಕ್ಕ ಒಂದು ಮುಖಾ ಹಚ್ಚಿದ್ರ ಥೇಟ್ ನಿಮ್ಮಪ್ಪನೇ," ಎಂದಳು ಶಿವಕಾಂತಮ್ಮ. ಮೊಮ್ಮಗಳು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡಳು.

ಮೂರನೆಯ ಭಾನುವಾರ ಹೊಸ ಬಡಾವಣೆಯಲ್ಲಿ ವಿವೇಕಾನಂದ ಎಂಬ ನಿವೃತ್ತ ಇಂಜಿನಿಯರರ ಮನೆ ಹುಡುಕಿಕೊಂಡು ಹೋದರು. ಅವರ ತೋಟದ ವಿಡಿಯೋ ಪಂಚಶೀಲಾ ಫೋನಿನಲ್ಲಿ ನೋಡಿದ್ದಳು. ಬೆಲ್ ಒತ್ತಿದಾಗ ಅವರ ಹೆಂಡತಿ ಹೊರಗೆ ಬಂದು ಶಿವಕಾಂತಮ್ಮನ ಸೀರೆ, ಚಪ್ಪಲಿ ನೋಡಿದರು.

"ಕೆಲಸಕ್ಕ ಬಂದೀಯಾ? ಹಿಂದಿನ ಬಾಗಲಿಂದ ಬಾ."

ಪಂಚಶೀಲಾಳ ಮುಖ ಕೆಂಪಾಯಿತು. "ಆಯಿ, ನಡಿ ಮನೀಗಿ ಹೋಗೋಣ."

"ತಡಿ. ಹಿಂದಿನ ಕಡೇನೇ ಚೊಲೋ ಗಿಡ ಇರ್ತಾವ."

ಇದ್ದವು. ಹಿಂದೆ ನೆರಳುಪರದೆಯ ಕೆಳಗೆ ಸಸಿಗಳ ಸಾಲೇ ಇತ್ತು. ವಿವೇಕಾನಂದರು ಗುಲಾಬಿಗೆ ಔಷಧ ಹೊಡೆಯುತ್ತಿದ್ದರು. ಶಿವಕಾಂತಮ್ಮ ಒಂದು ಎಲೆ ಮಗುಚಿ ನೋಡಿ, "ಇದು ಬೂಷ್ಟ ಅಲ್ರಿ ಸಾಹೇಬ್ರ, ನುಸಿ. ಎಲಿ ಬೆನ್ನಿಗಿ ನೋಡ್ರಿ. ಮ್ಯಾಗ ಹೊಡದ್ರ ಅದಕ್ಕ ಜಳಕಾ ಮಾಡಿಸಿದಂಗ," ಎಂದಳು. ಅವರು ಕನ್ನಡಕ ಏರಿಸಿ ನೋಡಿದರು. ಹತ್ತು ನಿಮಿಷದಲ್ಲಿ ಆಕೆ ಎಲ್ಲಿ ಕೆಲಸ ಮಾಡಿದವಳು, ಏನು ಕಲಿತವಳು ಎಲ್ಲ ಕೇಳಿ ತಿಳಿದು, ತೋಟ ತೋರಿಸುತ್ತೇನೆ ಬನ್ನಿ ಎಂದು ಮುಂದಿನ ಅಂಗಳಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನೀಲಿ ಬಣ್ಣ ಹಚ್ಚಿದ ಹಳೆಯ ಕಮೋಡು ಇತ್ತು. ಅದರ ಬಾಯಿಂದ ಹಳದಿ ಹೂವು ಉಕ್ಕುತ್ತಿತ್ತು. ಪಕ್ಕದಲ್ಲಿ ಕಾರಂಜಿ, ಕಾರಂಜಿಯೊಳಗೆ ಬುದ್ಧನ ತಲೆ.

"ಬಂದವರೆಲ್ಲ ಇದರ ಮುಂದೇ ಫೋಟೋ ತೆಗಿಸ್ಕೋತಾರ," ಎಂದರು ವಿವೇಕಾನಂದರು ಕಮೋಡಿನ ಮೇಲೆ ಕೈಯಿಟ್ಟು.

ಶಿವಕಾಂತಮ್ಮ ಕೆಳಗೇ ಕೂತು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂವತ್ತೊಂದು ವರ್ಷ ಇಂಥವು ತಿಕ್ಕೀನ್ರಿ. ಹೂ ಬಿಡತಾವ ಅಂತ ಗೊತ್ತಿರಲಿಲ್ಲ."

ಅವರೂ ನಕ್ಕರು, ಸ್ವಲ್ಪ ತಡವಾಗಿ. ಹೊರಡುವಾಗ ಮೂರು ಗುಲಾಬಿ ಸಸಿ ಕೊಟ್ಟರು. ಅವರ ಹೆಂಡತಿ ಒಳಗಿನಿಂದ ಎರಡು ಲೋಟ ಶರಬತ್ತು ಕಳಿಸಿದರು.

ಮನೆಯಲ್ಲಿ ಅಜಿತ ಕಾಯುತ್ತಿದ್ದ. ಮಗಳು ಫೋಟೋ ಹಾಕಿ, ಕೆಳಗೆ ಹಿಂದಿನ ಬಾಗಿಲ ಸಂಗತಿ ಬರೆದದ್ದನ್ನು ಆಗಲೇ ನೋಡಿದ್ದ.

"ಅವರು ನಮ್ಮ ಸಾಹೇಬರ ದೋಸ್ತ ಅವ್ವ. ನಾಳೆ ಆಫೀಸಿನಾಗ ಏನಂತಾರ? ಅಜಿತನ ತಾಯಿ ಮನಿಮನಿಗಿ ಹೋಗಿ ಗಿಡ ಬೇಡ್ತಾಳ ಅಂತಾರ."

"ಬೇಡಿಲ್ಲ. ಕೊಟ್ಟಾರ."

"ಹಿಂದಿನ ಬಾಗಲಿಂದ ಹೋಗಿದ್ದಿ."

"ಮುಂದಿನ ಬಾಗಲಿಂದ ಹೊರಗ ಬಂದೀನಿ. ನಿನ್ನ ಮಗಳಿಗಿ ಕೇಳು."

ಪಂಚಶೀಲಾ ಫೋನು ತೋರಿಸಿದಳು. ದತ್ತಪ್ಪ ಇಣುಕಿದ. ಕಮೋಡಿನ ಫೋಟೋ ದಾಟಿ ಬುದ್ಧನ ತಲೆಗೆ ಬಂದಾಗ ನಿಲ್ಲಿಸಿದ.

"ಬರೇ ತಲಿ ಅದ. ಮೈ ಎಲ್ಲಿ ಹೋತು?"

"ಹಂಗೇ ಮಾರ್ತಾರ ಮುತ್ಯಾ."

"ಇಂಜಿನೇರ್ ಮನ್ಯಾಗ ಬುನಾದಿ ಇಲ್ಲದ್ದು ಇದೊಂದೇ ಇರಬೇಕು," ಎಂದ ದತ್ತಪ್ಪ. ಆಮೇಲೆ ಹೆಂಡತಿಗೆ, "ಆ ಸಂಡಾಸ ಮಾತ್ರ ನಮ್ಮ ಮಾಳಗಿ ಮ್ಯಾಗ ಬರಬಾರದು, ಹೇಳಿರ್ತೀನಿ," ಎಂದ.

ಅಂದರೆ ಬೇರೆ ಏನಾದರೂ ಬರಬಹುದು ಎಂದು ಶಿವಕಾಂತಮ್ಮ ಅರ್ಥಮಾಡಿಕೊಂಡಳು.

ಗುಲಾಬಿ ಸಸಿಗಳನ್ನು ಟಾಕಿಯ ನೆರಳಿನಲ್ಲಿಟ್ಟಳು. ಊರಿಗೆ ಆರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಕೀಟಿನಲ್ಲಿ ಕೂಡಿಸಿ ಮೇಲೆ ಒಯ್ಯುತ್ತಿದ್ದಳು. ಒಂದು ಬೆಳಿಗ್ಗೆ ಸಂಘಮಿತ್ರಾ ಬಚ್ಚಲಿಂದ ಕೂಗಿದಳು.

"ಅತ್ತಿ, ಸೀರಿ ನೆನಿಸಾಕ ಇಟ್ಟ ನೀರು ಎಲ್ಲಿ ಹೋದ್ವು?"

"ಸಬಕಾರ ಹಾಕಿರಲಿಲ್ಲಲ್ಲವಾ, ಅದಕ್ಕ ತಗೊಂಡೆ."

"ಹಾಕಾಕ ನಿಂತಿದ್ದೆರಿ. ನನಗ ಎಂಟರ ಬಸ್ಸ ಅದ."

ಆ ದಿನ ಸೊಸೆ ನಿನ್ನೆಯ ಸೀರೆಯುಟ್ಟು ಕಮಲಾಪುರಕ್ಕೆ ಹೋದಳು. ಅಲ್ಲಿಯ ಆಸ್ಪತ್ರೆಯಲ್ಲಿ ಆಕೆ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಸಂಜೆ ಬಂದಾಗ ಅತ್ತೆ ಎರಡು ಸೀರೆ ಒಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ದಳು.

ಜೂನ್ ಮೊದಲ ವಾರ ದತ್ತಪ್ಪ ಖೋಲಿಯ ಗೆರೆ ಹಾಕಬೇಕೆಂದಿದ್ದ. ಹಿಂದಿನ ದಿನ ಶಿವಕಾಂತಮ್ಮ ಚಹಾ ಕೊಡುತ್ತ ಹೇಳಿದಳು.

"ಕೋಟಿ ಕಡೆ ಕೌಸರ್ ಟೀಚರ್ ಅಂತ ಅದಾರ. ಅವರ ಮನಿ ಮೆಟ್ಟಲದಾಗ ಒಡೆದ ಚಹಾದ ಕಪ್ಪು, ಬಸಿ ಸಿಮೆಂಟ್ ಒಳಗ ಕೂಡಿಸ್ಯಾರಂತ. ಭಾರಿ ಚೆಂದ ಕಾಣತಾವಂತ."

"ನಿಲ್ಲಂಗಿಲ್ಲ," ಎಂದ ದತ್ತಪ್ಪ.

"ನಾಲ್ಕು ವರ್ಷದಿಂದ ನಿಂತಾವಂತ್ರಿ."

"ಹಿಡಿಯಾಕ ಸಾಧ್ಯನೇ ಇಲ್ಲ. ಬಸಿ ನುಣ್ಣಗ ಇರ್ತದ. ನಡಿ, ತೋರಸ್ತೀನಿ."

ಕೌಸರ್ ಟೀಚರ್ ಉರ್ದು ಶಾಲೆಯಿಂದ ನಿವೃತ್ತರಾದವರು. ಓಣಿಯೊಳಗಿನ ಮನೆ, ತೋಟವೆಂದರೆ ಮಾಳಿಗೆಗೆ ಹೋಗುವ ಹದಿನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಂದು ಹಳೆಯ ಚಹಾ ಕಿಟ್ಲಿ, ಕಿಟ್ಲಿಯೊಳಗೆ ಗಿಡ. ಎಲ್ಲಕ್ಕಿಂತ ಮೇಲಿನ ಕಿಟ್ಲಿಯ ಮೂತಿಯಿಂದ ಇಳಿದ ಬಳ್ಳಿ ಎಲ್ಲಕ್ಕಿಂತ ಕೆಳಗಿನ ಕಿಟ್ಲಿಯ ಹಿಡಿಕೆಗೆ ಸುತ್ತಿತ್ತು. ಗೋಡೆಯ ತುಂಬ ಬಸಿ, ಕಪ್ಪಿನ ಚೂರು, ಹೂವಿನ ಆಕಾರದಲ್ಲಿ.

"ಆವೋ, ಅಂದರ್ ಆವೋ. ಜಾಗಾ ಕಮ್ಮಿ ಅದ, ಕಾಲು ಸಂಭಾಳಿಸ್ರಿ," ಎಂದರು ಕೌಸರ್. "ನಮ್ಮ ಮನ್ಯಾಗ ಮೆಹಮಾನರು ಭಾಳ, ಕಪ್ಪು ಒಡಿಯೋದು ಭಾಳ. ಫೆಂಕ್ ದೇನೇಕಾ ಕೈಕು, ಒಗಿಯೋದ್ಯಾಕ ಅಂತ ಗ್ವಾಡಿಗಿ ಹಚ್ಚಿದೆ."

ಶಿವಕಾಂತಮ್ಮ ಕಿಟ್ಲಿಗಳನ್ನು ನೋಡುತ್ತಿದ್ದಳು. ದತ್ತಪ್ಪ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದ. "ಇಲ್ಲಿ ಪೊಳ್ಳು. ಇಲ್ಲೂ ಪೊಳ್ಳು." ಮೂರನೆಯ ಸಲ ತಟ್ಟಿದಾಗ ಗುಲಾಬಿ ಬಣ್ಣದ ಒಂದು ಬಸಿ ಅವನ ಅಂಗೈಗೆ ಬಂತು.

"ತೋಡ್ ದಿಯೇ ನಾ ಭಾಯ್‌ಸಾಬ್," ಎಂದರು ಕೌಸರ್.

"ನಾ ಮುರಿದಿಲ್ರಿ, ಅದೇ ಬಿಟ್ಟದ. ಯಾರ್ರಿ ಗೌಂಡಿ?"

"ಮೈಂ."

ದತ್ತಪ್ಪ ಬಸಿ ಮಗುಚಿ ಅದರ ಬೆನ್ನು ನೋಡಿದ. ಆಮೇಲೆ, "ಹೆಣ್ಮಗಳು ಇಷ್ಟು ಮಾಡಿದ್ದೇ ದೊಡ್ಡದು. ಸಿಮೆಂಟ್ ಒಂದಕ್ಕ ಉಸುಕು ಮೂರು ಹಾಕಬೇಕಿತ್ತು. ಬಸಿ ಬೆನ್ನು ಉಜ್ಜಿ ಒರಟ ಮಾಡಬೇಕಿತ್ತು," ಎಂದ.

ಮರುದಿನ ಗೆರೆ ಹಾಕಬೇಕಾದವನು ಕರಣಿ, ಗಜ, ಒಂದು ಸಣ್ಣ ಚೀಲ ಸಿಮೆಂಟು ಹಿಡಿದು ಕೋಟೆ ಕಡೆ ಹೋದ. ಮೂರು ದಿನ ಹೋದ. ಕೌಸರ್ ಅವರ ಮನೆಯಲ್ಲೇ ಊಟ. ಮೂರನೆಯ ಸಂಜೆ ಐದು ಹಳೆಯ ಕಿಟ್ಲಿ, ಎರಡು ಹೊಟ್ಟೆಯುಬ್ಬಿದ ಕುಕ್ಕರು ಚೀಲದಲ್ಲಿ ತಂದು ಹೆಂಡತಿಯ ಮುಂದಿಟ್ಟ.

"ಅವರು ರೊಕ್ಕ ಕೊಡಾಕ ಬಂದ್ರು. ನಾ ಇವು ಕೇಳಿದೆ."

"ಬೇಡಿ ತಂದ್ರೇನು?" ಎಂದಳು ಶಿವಕಾಂತಮ್ಮ.

ಅಂದು ಊಟದ ಹೊತ್ತೆಲ್ಲ ದತ್ತಪ್ಪನೇ ಮಾತಾಡಿದ. ಯಾವ ಮೆಟ್ಟಿಲಿನ ಅಂಚು ಎಷ್ಟು ಸೊಟ್ಟಗಿತ್ತು, ತಾನು ಹೇಗೆ ದಾರ ಹಿಡಿದು ನೇರ ಮಾಡಿದೆ, ಕೌಸರ್ ಅವರ ಮಗ ಮಜರ್ ಹೇಗೆ ವಿಡಿಯೋ ತೆಗೆದ. ಅಜಿತ ಎರಡು ಸಲ ಖೋಲಿಯ ಮಾತು ಎತ್ತಿದ. ಎರಡು ಸಲವೂ ಅವನಪ್ಪ ಬಸಿಯ ಬೆನ್ನು ಉಜ್ಜುವ ವಿಷಯಕ್ಕೆ ಹೋದ.

ಆಮೇಲಿನ ಭಾನುವಾರ ಸಂಘಮಿತ್ರಾ ತಾನಾಗಿಯೇ ಹೇಳಿದಳು. "ಕಮಲಾಪುರದಾಗ ನಬಿಸಾಬ್ ಅಂತ ಅದಾರ್ರಿ ಅತ್ತಿ. ಸಕ್ಕರಿ ಪರೀಕ್ಷಾಕ್ಕ ನನ್ನ ಕಡೆ ಬರ್ತಾರ. ಅವರ ಹೊಲದಾಗ ಒಂದು ನೋಡೋದದ. ಬರ್ರಿ."

ದತ್ತಪ್ಪನೂ ಹೊರಟ. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೋದರೂ ಮೊಣಕಾಲಿನ ಸುದ್ದಿ ತೆಗೆಯಲಿಲ್ಲ.

ಕೆಂಪು ಮಣ್ಣಿನ ಹೊಲ, ಎರಡು ಎಕರೆ ಕೆಂಪು ಬಾಳೆ. ಮನೆಯ ಮುಂದೆ ಒಣಗಿ ನಿಂತ ಬೇವಿನ ಮರಕ್ಕೆ ಬುಡದಿಂದ ತುದಿಯವರೆಗೆ ಬಳೆ ತೊಡಿಸಿದ್ದರು. ಹಸಿರು, ಕೆಂಪು, ನೀಲಿ. ಗಾಳಿ ಬಂದಾಗ ಮರವೆಲ್ಲ ಕಿಣಿಕಿಣಿ.

"ಇದು ನಮ್ಮಾಕಿ ಕೆಲಸ," ಎಂದ ನಬಿಸಾಬ್. "ಮರ ಸತ್ತದ, ಕಡದು ಒಲಿಗಿ ಹಾಕೋಣ ಅಂದೆ. ಇದಕ್ಕ ಬಳಿ ಇಡಸ್ತೀನಿ ಅಂದ್ಳು. ಈಗ ಮಂದಿ ಬೈಕ್ ನಿಂದರಿಸಿ ನೋಡ್ತಾರ. ಬಾಳಿಹಣ್ಣೂ ತಗೋತಾರ."

ಅವನ ಹೆಂಡತಿ ಮೆಹಬೂಬಿ ಬಳೆಗಾರರ ಮಗಳು. "ನಮ್ಮ ಅಪ್ಪಂದು ದುಕಾನ ಬಂದ್ ಆತ್ರಿ. ಪೆಟಿಗಿ ತುಂಬ ಹಳೆ ಬಳಿ ಉಳಿದ್ವು. ಯಾರೂ ಹಾಕ್ಕೊಳಂಗಿಲ್ಲ. ಈ ಮರ ಒಂದೇ ಬ್ಯಾಡ ಅನ್ನಲಿಲ್ಲ," ಎಂದು ಎಣ್ಣೆಗಾಯಿ ಬಡಿಸಿದಳು. ನಬಿಸಾಬ್ ಎರಡನೆಯ ಸಲ ಅನ್ನಕ್ಕೆ ಕೈ ಚಾಚಿದ. ಸಂಘಮಿತ್ರಾಳ ಕಣ್ಣು ನೋಡಿ ಕೈ ಹಿಂತೆಗೆದ.

"ಸಕ್ಕರಿ ಎಣಿಸಾಕಿ ಊಟಕ್ಕ ಬಂದ್ರ ಹಿಂಗಾಗ್ತದ ನೋಡ್ರಿ," ಎಂದ ದತ್ತಪ್ಪನಿಗೆ.

ಹೊರಡುವಾಗ ಒಂದು ಕೆಂಪು ಬಾಳೆಯ ಕಂದು ಅಗೆದು ಗೋಣಿಯಲ್ಲಿ ಸುತ್ತಿ ಕೊಟ್ಟ. "ಡ್ರಮ್ಮಿನಾಗ ಹಚ್ಚರಿ. ಗೊನಿ ಬಿಡಾಕ ಒಂದೂವರಿ ವರ್ಷ ಬೇಕು. ಅವಸರ ಮಾಡೋರಿಗಿ ಇದು ಆಗಂಗಿಲ್ಲ."

ವಾಪಸು ಬರುವಾಗ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಕಂದು ಇಬ್ಬರ ಕಾಲ ನಡುವೆ. ದತ್ತಪ್ಪ ಹಿಂದೆ ನಿದ್ದೆ ಹೋಗಿದ್ದ.

"ಅತ್ತಿ, ನನಗ ಗಿಡ ಬ್ಯಾಡ ಅಂತ ಇಲ್ರಿ," ಎಂದಳು ಸಂಘಮಿತ್ರಾ. "ಆದ್ರ ಮಗಳಿಗಿ ಬಾಗಲಾ ಹಾಕ್ಕೊಂಡು ಓದೋ ಜಾಗ ಬೇಕು. ನನಗ ಇರಲಿಲ್ಲ. ಅಡಗಿ ಮನ್ಯಾಗ ಕುಂತು ಓದಿದೆ. ಎರಡು ಮಾರ್ಕ್ಸಿಗಿ ನರ್ಸಿಂಗ್ ಸೀಟು ತಪ್ಪಿತು."

ಶಿವಕಾಂತಮ್ಮ ಕಾಲ ನಡುವಿನ ಕಂದನ್ನು ನೆಟ್ಟಗೆ ನಿಲ್ಲಿಸಿದಳು.

"ನಮ್ಮ ಖೋಲಿ ಆಕಿಗಿ ಕೊಡ್ರಿ. ಅದಕ್ಕ ಬಾಗಲಾ ಅದ."

"ನೀವಿಬ್ಬರೂ ಎಲ್ಲಿ?"

"ಹಾಲ್‌ನಾಗ."

"ಮಾವ ಒಪ್ಪತಾರೇನ್ರಿ?"

"ಅವರು ಖೋಲಿಗಿ ಒಪ್ಪೋದಲ್ಲವಾ. ಗಿಡಕ್ಕ ಒಪ್ಪಬೇಕು. ನೀರ ಸೋರ್ತದ ಅನ್ನೋದೊಂದೇ ಅವರ ಹಟ."

"ಅವರು ಹೂಂ ಅಂದ್ರ ನಂದೂ ಹೂಂ," ಎಂದಳು ಸೊಸೆ. "ಇವರಿಗಿ ನಾ ಹೇಳ್ತೀನಿ."

ಜೂನ್ ಮುಗಿಯುವಷ್ಟರಲ್ಲಿ ಸಂತೆಯಿಂದ ತಂದ ಅಬ್ಬಾಲಿ, ಸೇವಂತಿಗೆ, ಕರಿಬೇವೂ ಸೇರಿ ಮಾಳಿಗೆಯ ಮೇಲೆ ಇಪ್ಪತ್ತೆರಡು ಕುಂಡಗಳಾದವು. ಕುಂಡವೆಂದರೆ ಎಲ್ಲವೂ ಕುಂಡವಲ್ಲ. ಕಿಟ್ಲಿ, ಕುಕ್ಕರು, ಬಣ್ಣದ ಡಬ್ಬಿ, ಬಾಳೆಗೊಂದು ಡ್ರಮ್ಮು. ಪಂಚಶೀಲಾ ಒಂದೊಂದಕ್ಕೂ ಮುಖ ಬರೆದಳು. ದೊಡ್ಡ ಕುಕ್ಕರಿಗೆ ಮೀಸೆ ಬಂತು, ಅದರ ಕೆಳಗೆ 'ಮುತ್ಯಾ' ಎಂದು ಬರೆದಳು. ಪ್ರತಿಯೊಂದರ ತಳಕ್ಕೂ ಶಿವಕಾಂತಮ್ಮ ಮೊಳೆ ಹೊಡೆದು ಮೂರು ತೂತು ಮಾಡಿದ್ದಳು. ದತ್ತಪ್ಪ ನೋಡುತ್ತ ನೋಡುತ್ತ, ಇಟ್ಟಂಗಿ ಹೇಗೂ ಸುಮ್ಮನೆ ಬಿದ್ದಿವೆಯೆಂದು ಕುಂಡ ಇಡಲು ಒಂದು ಕಟ್ಟೆ ಕಟ್ಟಿದ. ಅದು ಚೆನ್ನಾಯಿತು. ಎರಡನೆಯದಕ್ಕೆ ಒಡೆದ ಬಸಿ ಕೂಡಿಸಿದ. ಆಮೇಲೆ ಕೂತು ಓದಲು ಮೊಮ್ಮಗಳಿಗೊಂದು, ಮತ್ತೆ ಇನ್ನೆರಡು.

ಒಂದು ದಿನ ಶಿವಕಾಂತಮ್ಮ ಸಂತೆಗೆ ಹೋಗಿ ಬರುವಷ್ಟರಲ್ಲಿ ಮಾಳಿಗೆಯ ಮೇಲೆ ಗಿಡಗಳ ಸ್ಥಳ ಬದಲಾಗಿತ್ತು. ನೀರು ಹಾಕಿದಳು. ನೀರು ಇಳಿಯಲಿಲ್ಲ. ಒಂದು ಡಬ್ಬಿ ಎತ್ತಿ ತಳ ನೋಡಿದಳು. ಮೂರು ತೂತಿಗೂ ಸಿಮೆಂಟು ಮೆತ್ತಿ, ಕರಣಿಯಿಂದ ನುಣ್ಣಗೆ ಒರೆಸಿತ್ತು. ಇಪ್ಪತ್ತೆರಡಕ್ಕೂ ಹಾಗೇ. ನಲವತ್ತು ವರ್ಷ ನೀರು ಎಲ್ಲೂ ಸೋರದ ಹಾಗೆ ನೋಡಿಕೊಂಡ ಮನುಷ್ಯನ ಕೈಕೆಲಸ, ಒಂದು ಕೂದಲೆಳೆಯ ಸಂದೂ ಇರಲಿಲ್ಲ.

ಆಕೆ ಕೆಳಗಿಳಿದಾಗ ಅಜಿತ ಅಪ್ಪನ ಎದುರು ಕೂತಿದ್ದ. "ಅಪ್ಪ, ಕಾಲೇಜು ಶುರು ಆತು. ಖೋಲಿ ಯಾವಾಗ?"

"ಖೋಲಿ ಬ್ಯಾಡ," ಎಂದ ದತ್ತಪ್ಪ. "ನಮ್ಮ ಖೋಲಿ ಹುಡಿಗೀಗಿ ಕೊಡ್ತೀವಿ. ನಿಮ್ಮವ್ವ ಹೇಳ್ಯಾಳ, ನಾ ಒಪ್ಪೀನಿ. ಗಿಡ ಇರಲಿ. ನನ್ನ ಚಿಂತಿ ನೀರಿಂದು ಒಂದೇ ಇತ್ತು. ಇವತ್ತು ಎಲ್ಲಾ ತೂತು ಬಂದ್ ಮಾಡೀನಿ. ಇನ್ನ ಒಂದು ಹನಿ ಕೆಳಗ ಬರಂಗಿಲ್ಲ."

ಹೆಂಡತಿಯ ಕಡೆ ನೋಡಿದ. ಹೊಗಳಲೆಂದು ಕಾದ.

ತೂತಿಲ್ಲದ ಕುಂಡದಲ್ಲಿ ಗಿಡ ಬದುಕುವುದಿಲ್ಲವೆಂದು ಶಿವಕಾಂತಮ್ಮನಿಗೆ ಗೊತ್ತಿತ್ತು. ಈಗ ಅದನ್ನು ಹೇಳಿದರೆ ಮಾಳಿಗೆ ಹೋಗುತ್ತದೆಂಬುದೂ ಗೊತ್ತಿತ್ತು.

"ಚೊಲೋ ಮಾಡೀರಿ," ಎಂದಳು.

ಅಜಿತ ಹೆಂಡತಿಯನ್ನು ನೋಡಿದ. ಸಂಘಮಿತ್ರಾ ಹೂಂ ಎಂದು ತಲೆ ಆಡಿಸಿದಳು. ಅದೇ ವಾರ ಮುದುಕರ ಮಂಚ ಹಾಲಿಗೆ ಬಂತು. ಪಂಚಶೀಲಾ ಬಾಗಿಲು ಹಾಕಿಕೊಂಡಳು.

ಜುಲೈ ಪೂರ್ತಿ ಶಿವಕಾಂತಮ್ಮ ಗಿಡಗಳಿಗೆ ಚಹಾ ಕಪ್ಪಿನಲ್ಲಿ ಅಳೆದು ನೀರು ಹಾಕಿದಳು. ಸಣ್ಣ ಮಳೆ ಬಂದರೆ ಗಂಡ ಊಟಕ್ಕೆ ಕೂತಾಗ ಮೇಲೆ ಹೋಗಿ ಡಬ್ಬಿಗಳನ್ನು ಓರೆ ಮಾಡಿ ನೀರು ಬಸಿದು ಬರುತ್ತಿದ್ದಳು. ಗುಲಾಬಿ ಹೂವು ಬಿಟ್ಟಿತು. ವಿವೇಕಾನಂದರು ಹೆಂಡತಿಯ ಜೊತೆ ನೋಡಲು ಬಂದರು. ಆ ಹೆಂಗಸು ಮೀಸೆಯ ಕುಕ್ಕರಿನ ಮುಂದೆ ಫೋಟೋ ತೆಗೆಸಿಕೊಂಡರು. ಸಂಘಮಿತ್ರಾ ಮಿರ್ಚಿ ಭಜಿ ಕರಿದಳು. ಅಜಿತ ತಾನೇ ಅವರನ್ನು ಮುಂದೆ ನಿಂತು ಮೇಲೆ ಕರೆದೊಯ್ದ. "ನಮ್ಮವ್ವ ಮಾಡ್ಯಾಳ್ರಿ ಸರ್," ಎಂದ.

"ಕಟ್ಟಿ ನಂದು," ಎಂದ ದತ್ತಪ್ಪ.

ಆಗಸ್ಟ್ ಎರಡನೆಯ ವಾರ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ಮೊದಲ ದಿನ ಶಿವಕಾಂತಮ್ಮ ಗೋಣಿ ಹೊದ್ದು, ಎತ್ತಲು ಬರುವ ಎಂಟನ್ನು ಟಾಕಿಯ ಕೆಳಗೆ ಸರಿಸಿದಳು. ಉಳಿದ ಹದಿನಾಲ್ಕು ನೀರು ತುಂಬಿ ಭಾರವಾಗಿ ಅಲ್ಲಾಡಲಿಲ್ಲ. ಡ್ರಮ್ಮನ್ನು ಓರೆ ಮಾಡಲು ಹೋಗಿ ಸೊಂಟ ಹಿಡಿಯಿತು. ಕೆಳಗೆ ಬಂದು ಮಲಗಿದಳು. ನಾಲ್ಕನೆಯ ದಿನವೂ ದತ್ತಪ್ಪ ಹಾಲಿನಲ್ಲಿ ಕೂತು ಸ್ಲ್ಯಾಬು ನೋಡುತ್ತಿದ್ದ.

"ನಾಕು ದಿನ ಆತು. ನೋಡು, ಒಂದು ಹನಿ ಇಲ್ಲ."

ಐದನೆಯ ದಿನ ಬಿಸಿಲು ಬಿತ್ತು. ಮೇಲೆ ಹೋದವನು ಮೂಗು ಮುಚ್ಚಿಕೊಂಡು ಬಂದ. "ಏನೋ ಸತ್ತದ ಮ್ಯಾಗ. ಇಲಿ ಇರಬೇಕು."

ಎಲ್ಲರೂ ಹತ್ತಿದರು. ಕುಂಡಗಳಲ್ಲಿ ನೀರು ಅಂಚಿಗೆ ನಿಂತಿತ್ತು. ದತ್ತಪ್ಪ ಗುಲಾಬಿಯ ಕಾಂಡ ಹಿಡಿದ. ಅದು ಬೇರಿಲ್ಲದೆ ಕೈಗೆ ಬಂತು. ಬುಡ ಕಪ್ಪಗೆ ಕೊಳೆತಿತ್ತು.

"ನೀರು ಭಾಳಾತು," ಎಂದ.

"ಹೊರಗ ಹೋಗಾಕ ಹಾದಿ ಇರಲಿಲ್ಲ. ತೂತು ಅದಕ್ಕೇ ಇರ್ತದ್ರಿ," ಎಂದಳು ಶಿವಕಾಂತಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು.

"ನಿನಗ ಗೊತ್ತಿತ್ತು?"

"ಮೂವತ್ತೊಂದು ವರ್ಷ ಅದೇ ಕೆಲಸ ಮಾಡೀನಿ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ಖೋಲಿ ಕಟ್ತಿದ್ರಿ."

ದತ್ತಪ್ಪನ ಮುಖ ಗಂಟಾಯಿತು. ಅಜಿತ ಒಂದು ಹೆಜ್ಜೆ ಮುಂದೆ ಬಂದ. "ಅಪ್ಪ, ಹೆಂಗೂ ಸತ್ತಾವ. ತೂತು ಬಿಟ್ರ ಸ್ಲ್ಯಾಬ್ ಹಾಳಾಗ್ತದ. ಹಂಗಾದ್ರ ಸೋಮವಾರದಿಂದ..."

"ಇಟ್ಟಂಗಿ ಎಲ್ಲಿ ಅದಾವ?" ಎಂದ ದತ್ತಪ್ಪ.

ಅಜಿತ ಸುತ್ತ ನೋಡಿದ. ಎಂಟುನೂರು ಇಟ್ಟಂಗಿ ಐದು ಕಟ್ಟೆಗಳಾಗಿ ಕೂತಿದ್ದವು.

"ತರಸ್ತೀನಿ."

"ತರಸ್ಬ್ಯಾಡ." ದತ್ತಪ್ಪ ಮಾಳಿಗೆಯ ಇಳಿಜಾರು ಕಣ್ಣಳತೆಯಲ್ಲಿ ನೋಡಿದ. ಮೋರಿಯ ಕಡೆ ನಡೆದು ಹೋಗಿ, ಹೆಜ್ಜೆ ಎಣಿಸುತ್ತ ವಾಪಸು ಬಂದ. "ನೀರು ಹೊರಗ ಹೋಗಬೇಕಂದ್ರ ಅದಕ್ಕೊಂದು ಹಾದಿ ಬೇಕು. ಹಾದಿ ನಾ ಮಾಡ್ತೀನಿ. ಪ್ರತಿ ಕುಂಡದ ಬುಡಕ್ಕ ಪೈಪಿನ ತುಂಡು, ಕಟ್ಟಿ ಉದ್ದಕ್ಕ ನಾಲಿ, ಸೀದಾ ಮೋರಿಗಿ. ಸ್ಲ್ಯಾಬಿಗಿ ಹನಿ ಮುಟ್ಟಂಗಿಲ್ಲ." ಹೆಂಡತಿಯ ಕಡೆ ತಿರುಗಿ, "ಇನ್ನಮ್ಯಾಗ ಗೊತ್ತಿದ್ರ ಬಾಯಿ ಬಿಟ್ಟು ಹೇಳು," ಎಂದ.

"ನೀವೂ ಕೇಳಿ ಮಾಡ್ರಿ."

"ಇಬ್ಬರೂ ಮದಲ ಚಹಾ ಕುಡೀರಿ," ಎಂದು ಸಂಘಮಿತ್ರಾ ಕೆಳಗಿಳಿದಳು.

ಮಧ್ಯಾಹ್ನ ದತ್ತಪ್ಪ ಪಕ್ಕದ ಮನೆಯ ಹಮೀದನ ಹತ್ತಿರ ಡ್ರಿಲ್ ಮಷೀನು ತಂದು ತಾನು ಮುಚ್ಚಿದ ತೂತುಗಳನ್ನು ತಾನೇ ಕೊರೆದ. ಸಿಮೆಂಟು ಗಟ್ಟಿ ಹಿಡಿದಿತ್ತು, ಡ್ರಿಲ್ಲಿನ ಎರಡು ಬಿಟ್ ಮುರಿದವು. ಶಿವಕಾಂತಮ್ಮ ಓದುವ ಕಟ್ಟೆಯ ಮೇಲೆ ಕೂತು, ಪಂಚಶೀಲಾಳಿಂದ ಸೊಂಟಕ್ಕೆ ಮುಲಾಮು ತಿಕ್ಕಿಸಿಕೊಳ್ಳುತ್ತ, ಎಲ್ಲಿ ಕೊರೆಯಬೇಕೆಂದು ಹೇಳಿದಳು. ಟಾಕಿಯ ಕೆಳಗಿನ ಎಂಟು ಗಿಡ ಚಿಗುರಿದ್ದವು. ಬರುವ ಭಾನುವಾರ ಮತ್ತೆ ಕಮಲಾಪುರಕ್ಕೆ ಹೋಗುವುದೆಂದಾಯಿತು.

ಆ ಮಳೆಗಾಲದಲ್ಲಿ ಹೋದದ್ದು ಇಷ್ಟು. ಗುಲಾಬಿ ಮೂರು. ಅಬ್ಬಾಲಿ ಐದು. ಸೇವಂತಿಗೆ ನಾಲ್ಕು. ಕರಿಬೇವು ಒಂದು. ಕೆಂಪು ಬಾಳೆಯ ಕಂದು ಒಂದು. ಹಮೀದನ ಡ್ರಿಲ್ಲಿನ ಬಿಟ್ ಎರಡು. ಮುದುಕರ ಖೋಲಿ ಒಂದು.